ಮನೆ ವಿಮೆ ಸಿಗದಿದ್ದರೆ ಬ್ಯಾಂಕಿಗೇನು?

ಪ್ರಶ್ನೆ: ಮಗಳು, ಅಳಿಯ ಕ್ಯಾಲಿಫೋರ್ನಿಯಾದಲ್ಲಿ ಸಾಲ ಮಾಡಿ ಮನೆ ಕೊಂಡಿದ್ದಾರೆ. ಕಾಡ್ಗಿಚ್ಚಿನ ಭಯವಿರುವ ಜಾಗ ಅಂತ ವಿಮಾ ಕಂಪನಿ ಈ ಸಲ ಪಾಲಿಸಿ ನವೀಕರಿಸುವುದಿಲ್ಲವಂತೆ. ಮನೆಗೆ ಏನೂ ಆಗಿಲ್ಲ, ಕಂತೂ ತಪ್ಪಿಲ್ಲ. ಹವಾಮಾನ ಬದಲಾವಣೆಯಿಂದ ಜಗತ್ತಿನ ಬ್ಯಾಂಕುಗಳಿಗೂ ಅಪಾಯ ಅಂತ ಓದಿದ್ದೆ. ಎರಡಕ್ಕೂ ಸಂಬಂಧ ಇದೆಯೇ ಸರ್?
– ಒಬ್ಬ ತಾಯಿ, ಮೈಸೂರು

ಉತ್ತರ: ಇದೆ ಅಮ್ಮ, ನೇರ ಸಂಬಂಧವೇ ಇದೆ.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವನು. ಗೃಹಸಾಲದ ಫೈಲಿಗೆ ಕ್ರಯಪತ್ರ, ಇಸಿ, ವ್ಯಾಲ್ಯುಯೇಷನ್ ರಿಪೋರ್ಟ್ ಒಮ್ಮೆ ಸೇರಿದರೆ ಮುಗಿಯಿತು. ವಿಮಾ ಪಾಲಿಸಿ ಹಾಗಲ್ಲ. ಅವಧಿ ಮುಗಿದಾಗಲೆಲ್ಲ ಹೊಸ ಪ್ರತಿ ಬರಬೇಕು. ಅಮೆರಿಕದಲ್ಲಿ ಮನೆ ಸಾಲ ಸಾಮಾನ್ಯವಾಗಿ 30 ವರ್ಷದ್ದು, ವಿಮೆ ಒಂದೇ ವರ್ಷದ್ದು. ಹವಾಮಾನ ಬದಲಾಗಿ ಅಪಾಯ ಜಾಸ್ತಿಯಾಯಿತು ಅನ್ನಿಸಿದರೆ ವಿಮಾ ಕಂಪನಿ ವರ್ಷದ ಕೊನೆಗೆ ಕೈತೊಳೆದುಕೊಳ್ಳಬಹುದು. ಸಾಲ ಕೊಟ್ಟವರಿಗೆ ಆ ದಾರಿ ಇಲ್ಲ. ನನ್ನನ್ನು ಕಾಡುವುದು ಇದೇ.

ವಿಮೆ ಇಲ್ಲದ ಮನೆಗೆ ಹೊಸ ಸಾಲ ಹುಟ್ಟುವುದಿಲ್ಲ. ಸಾಲ ಹುಟ್ಟದಿದ್ದರೆ ಕೊಳ್ಳುವವರು ಕಡಿಮೆ, ಬೆಲೆ ಇಳಿಯುತ್ತದೆ. ಅಡಮಾನಕ್ಕೆ ಇಟ್ಟುಕೊಂಡ ಆಸ್ತಿಯೇ ಸೊರಗಿತು ಅಂತಾಯಿತಲ್ವಾ? ಒಂದು ಮನೆಯೂ ಸುಡದೆ ಇಷ್ಟೆಲ್ಲ ಆಗಬಹುದು. ಆ ಸಾಲಗಳು ಒಂದೇ ಬ್ಯಾಂಕಿನಲ್ಲಿ ಉಳಿಯುವುದೂ ಇಲ್ಲ. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಅಂಥ ಸಂಸ್ಥೆಗಳು ಅವನ್ನು ಒಟ್ಟುಗೂಡಿಸಿ ಬಾಂಡ್ ಮಾಡಿ ಮಾರುತ್ತವೆ. ಪಿಂಚಣಿ ನಿಧಿಗಳು, ಬೇರೆ ದೇಶದವರು ಕೊಳ್ಳುತ್ತಾರೆ. ಅಲ್ಲಿನ ಮನೆ ಸಾಲ ಕೆಟ್ಟರೆ ಬಿಸಿ ಎಲ್ಲಿಯವರೆಗೆ ಮುಟ್ಟುತ್ತದೆ ಅಂತ 2008ರ ಜಾಗತಿಕ ಆರ್ಥಿಕ ಕುಸಿತದಲ್ಲಿ ಕಂಡಿದ್ದೇವೆ.

ಇದು ಯಾರಿಗೂ ಹೊಳೆಯದ ವಿಷಯವೇನಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಗವರ್ನರ್ ಆಗಿದ್ದ ಮಾರ್ಕ್ ಕಾರ್ನಿ 2015ರಲ್ಲೇ ಲಂಡನ್ನಿನಲ್ಲಿ ವಿಮಾ ಕಂಪನಿಗಳವರ ಎದುರೇ ಎಚ್ಚರಿಸಿದ್ದರು. ಹವಾಮಾನದ ಈ ಅಪಾಯವನ್ನು ಅಳೆಯಲು ಕೇಂದ್ರ ಬ್ಯಾಂಕುಗಳು ಕಟ್ಟಿಕೊಂಡ ಜಾಲಕ್ಕೆ ನಮ್ಮ ರಿಸರ್ವ್ ಬ್ಯಾಂಕ್ 2021ರಲ್ಲಿ ಸೇರಿತು. ಆದರೂ ಕೆಲಸ ನಿಧಾನ. ಸ್ಟೇಟ್ ಫಾರ್ಮ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಹೊಸ ಮನೆ ವಿಮೆ ಅರ್ಜಿ ತೆಗೆದುಕೊಳ್ಳುವುದನ್ನು 2023ರ ಮೇ ತಿಂಗಳಲ್ಲೇ ನಿಲ್ಲಿಸಿತ್ತು. 2025ರ ಜನವರಿಯಲ್ಲಿ ಕಾಡ್ಗಿಚ್ಚಿಗೆ ಲಾಸ್ ಏಂಜಲೀಸಿನ ಬಡಾವಣೆಗಳೇ ಸುಟ್ಟವು.

ಈಗ ಮಗಳ ಮನೆಗೆ ಬರೋಣ. ನವೀಕರಿಸುವುದಿಲ್ಲ ಅಂತಾದರೆ ಅಲ್ಲಿ ಕಂಪನಿ ಕನಿಷ್ಠ 75 ದಿನ ಮೊದಲೇ ತಿಳಿಸಬೇಕು. ಆ ದಿನಗಳನ್ನು ಸುಮ್ನೆ ಕಳೆಯುವುದು ಬೇಡ. ವಿಮೆ ತಪ್ಪಿಹೋದರೆ ಸಾಲ ಕೊಟ್ಟವರೇ ಒಂದು ದುಬಾರಿ ಪಾಲಿಸಿ ಮಾಡಿಸಿ ಪ್ರೀಮಿಯಂ ಅನ್ನು ಇವರ ತಲೆಗೆ ಕಟ್ಟುತ್ತಾರೆ. ಹತ್ತಿರದ ಕಾಡ್ಗಿಚ್ಚಿಗೆ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿದ್ದರೆ, ಅದರ ಆಸುಪಾಸಿನ ಮನೆಗಳ ಪಾಲಿಸಿಯನ್ನು ಒಂದು ವರ್ಷ ಬೆಂಕಿಯ ಕಾರಣಕ್ಕೆ ಕೈಬಿಡುವಂತಿಲ್ಲ. ತಮ್ಮ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಅಂಥ ಪ್ರದೇಶಗಳ ಪಟ್ಟಿಯಲ್ಲಿದೆಯೇ ಅಂತ ಮೊದಲು ನೋಡಲಿ. ಇಲ್ಲದಿದ್ದರೆ ಬೇರೆ ಕಂಪನಿಗಳನ್ನು ಕೇಳಲಿ. ಎಲ್ಲೂ ಸಿಗದವರಿಗೆ ಕೊನೆಯ ಆಸರೆಯಾಗಿ ಫೇರ್ ಪ್ಲ್ಯಾನ್ ಎಂಬ ವಿಮೆ ಇದೆ. ಅದು ಮುಖ್ಯವಾಗಿ ಬೆಂಕಿಗೆ ಮಾತ್ರ. ಕಳ್ಳತನಕ್ಕೆ, ಪೈಪ್ ಒಡೆದು ನೀರು ನುಗ್ಗಿದರೆ ಆಗುವ ನಷ್ಟಕ್ಕೆ ಜೊತೆಗೆ ಇನ್ನೊಂದು ಪಾಲಿಸಿ ಬೇಕಾಗುತ್ತದೆ.