ಅಗ್ಗಕ್ಕೆ ಸಿಗುವ ಸೀಮೆಬದನೆಕಾಯಿ ಪಲ್ಯ ಯಾಕೆ ನೀರು ನೀರಾಗುತ್ತದೆ?

ಉಪ್ಪನ್ನು ಮೊದಲೇ ಹಾಕಿ ಮುಚ್ಚಳ ಮುಚ್ಚುವುದೇ ಕಾರಣ. ಸೀಮೆಬದನೆಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಭಾಗ ನೀರೇ. ಸೋರೆಕಾಯಿ, ಹೀರೇಕಾಯಿಯೂ ಅಷ್ಟೇ. ಉಪ್ಪು ಬಿದ್ದರೆ ಹೋಳಿನೊಳಗಿನ ನೀರು ಹೊರಗೆ ಬರುತ್ತದೆ. ಮುಚ್ಚಳ ಇದ್ದರೆ ಅದು ಆವಿಯಾಗಿ ಹೋಗುವುದಿಲ್ಲ, ಹನಿಯಾಗಿ ಮತ್ತೆ ಬಾಣಲೆಗೇ ಬೀಳುತ್ತದೆ. ಹೋಳು ಹುರಿಯುವ ಬದಲು ಸುಮ್ನೆ ಬೇಯುತ್ತಾ ಕೂರುತ್ತದೆ.

ಅಗಲ ಬಾಣಲೆ ತಗೊಳ್ಳಿ. ಸಾಸಿವೆ, ಕಡಲೆಬೇಳೆ ಒಗ್ಗರಣೆಗೆ ಸಣ್ಣ ಹೋಳು ಹಾಕಿ ಮುಚ್ಚದೆ ಬಾಡಿಸಿ. ಅಂಚು ಸ್ವಲ್ಪ ಕೆಂಪಾಗಿ, ಸೌಟಿನಲ್ಲಿ ಒತ್ತಿದರೆ ಹೋಳು ಮುರಿಯುವಂತಾದಾಗ ಉಪ್ಪು ಹಾಕಿ. ಆಮೇಲೂ ಒಂಚೂರು ನೀರು ಬಿಟ್ಟರೆ ಒಂದು ಚಮಚ ಹುರಿಗಡಲೆ ಪುಡಿ ಉದುರಿಸಿ, ಹೀರಿಕೊಳ್ಳುತ್ತದೆ. ತೆಂಗಿನಕಾಯಿ ದುಬಾರಿಯಾದಾಗ ನಾನಂತೂ ಕಾಯಿತುರಿ ಬದಲು ಈ ಪುಡಿಯನ್ನೇ ಹಾಕುವುದು. ರುಚಿಗೇನೂ ಮೋಸವಿಲ್ಲ.