ಮಾತ್ರೆಗಿಂತ ಮೊದಲು ರಕ್ತಪರೀಕ್ಷೆ: ಮಲೇರಿಯಾ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿದು ಕಾಲುವೆಗೆ ನೀರು ಬಿಟ್ಟರೆ ಸಾಕು, ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಜ್ವರದ ಪ್ರಶ್ನೆಗಳು ಶುರುವಾಗುತ್ತವೆ. ಈ ಸಲ ಮಲೇರಿಯಾಕ್ಕೆ ಸಂಬಂಧಿಸಿದವನ್ನು ಮಾತ್ರ ಆಯ್ದುಕೊಂಡಿದ್ದೇನೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇನೆ.

ನಮ್ಮ ಮನೆಯ ಹಿಂದೆಯೇ ತೆರೆದ ಚರಂಡಿ ಇದೆ. ಎಷ್ಟು ಹೇಳಿದರೂ ಹೂಳು ತೆಗೆಸುವುದಿಲ್ಲ. ಓಣಿಯಲ್ಲಿ ಇಬ್ಬರಿಗೆ ಮಲೇರಿಯಾ ಬಂದಿದೆ. ಚರಂಡಿಯಿಂದಲೇ ಅಲ್ಲವೇ?
– ಶಹಾಪುರ ತಾಲ್ಲೂಕಿನ ರೈತರೊಬ್ಬರು

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಮಲೇರಿಯಾದ ಮಟ್ಟಿಗೆ ಚರಂಡಿ ನಿರಪರಾಧಿ. ಕೊಳಚೆ ನೀರಿನಲ್ಲಿ ಬೆಳೆಯುವುದು ಕ್ಯುಲೆಕ್ಸ್ ಸೊಳ್ಳೆ, ಅದು ಹರಡುವುದು ಆನೆಕಾಲು ರೋಗವನ್ನು. ನಮ್ಮ ಮೂರೂ ಜಿಲ್ಲೆಗಳು ಆನೆಕಾಲು ರೋಗಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿವೆ. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಎದುರಿಗೇ ನುಂಗಿಸುವ ಮಾತ್ರೆ ಇದಕ್ಕಾಗಿಯೇ. ಆದ್ದರಿಂದ ಚರಂಡಿಯ ಜಗಳವನ್ನು ಬಿಡಬೇಡಿ.

ಮಲೇರಿಯಾ ತರುವುದು ಹೆಣ್ಣು ಅನಾಫಿಲಿಸ್ ಸೊಳ್ಳೆ. ಅದಕ್ಕೆ ಬೇಕಾದದ್ದು ತಿಳಿ ನೀರು. ಕಾಲುವೆಯ ಸೋರುನೀರು ನಿಂತ ತಗ್ಗು, ಭತ್ತದ ಗದ್ದೆ, ಮಳೆ ಹಿಂದೆ ಸರಿದ ಮೇಲೆ ಹಳ್ಳದ ಪಾತ್ರದಲ್ಲಿ ಉಳಿಯುವ ಮಡು, ದನಗಳ ಗೊರಸಿನ ಗುರುತಿನಲ್ಲಿ ನಿಂತ ನೀರು, ಇಷ್ಟು ಸಾಕು. ನಾರಾಯಣಪುರ ಎಡದಂಡೆ ಕಾಲುವೆ ಹರಿಯುವ ನಿಮ್ಮ ಭಾಗದಲ್ಲಿ ಇವಕ್ಕೇನೂ ಕೊರತೆಯಿಲ್ಲ. ಪಟ್ಟಣಗಳಲ್ಲಿ ಇದೇ ಕುಲದ ಇನ್ನೊಂದು ಸೊಳ್ಳೆ, ಸ್ಟೀಫೆನ್ಸೈ, ಮಾಳಿಗೆಯ ಮೇಲಿನ ಟ್ಯಾಂಕ್, ಸಂಪು, ಕಟ್ಟಡ ಕೆಲಸದ ತೊಟ್ಟಿಗಳಲ್ಲಿ ಮೊಟ್ಟೆಯಿಡುತ್ತದೆ. ನಲ್ಲಿಯಲ್ಲಿ ನೀರು ಬರುವ ದಿನ ಹಿಡಿದಿಟ್ಟು ವಾರವಿಡೀ ಬಳಸುವ ಬ್ಯಾರೆಲ್‌ಗೂ ಇದೇ ಮಾತು.

ನೀವೇ ಪರೀಕ್ಷಿಸಬಹುದು. ಬ್ಯಾರೆಲ್‌ನೊಳಗೆ ಟಾರ್ಚ್ ಬಿಟ್ಟು ಒಂದು ನಿಮಿಷ ಅಲುಗಾಡದೆ ನೋಡಿ. ಹುಳುಗಳು ತಲೆಕೆಳಗಾಗಿ, ಬಾಲದ ತುದಿಯನ್ನು ಮಾತ್ರ ನೀರಿನ ಮೇಲ್ಮೈಗೆ ತಾಗಿಸಿ ಜೋತುಬಿದ್ದಿದ್ದರೆ ಅವು ಕ್ಯುಲೆಕ್ಸ್ ಅಥವಾ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳು. ಕಸದ ಕಡ್ಡಿಯ ಹಾಗೆ ಮೇಲ್ಮೈಗೆ ಸಮನಾಗಿ ಅಡ್ಡ ಮಲಗಿದ್ದರೆ ಅನಾಫಿಲಿಸ್. ನೆರಳು ಬಿದ್ದೊಡನೆ ಎಲ್ಲವೂ ಕೆಳಕ್ಕಿಳಿಯುತ್ತವೆ, ತಾಳ್ಮೆಯಿರಲಿ. ಮೊಟ್ಟೆ ಸೊಳ್ಳೆಯಾಗಿ ಹಾರಲು ಬಿಸಿಲ ನಾಡಿನಲ್ಲಿ ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನು ಬರಿದು ಮಾಡಿ, ಒಳಮೈ ತಿಕ್ಕಿ ಒಣಗಿಸಬೇಕು. ಬರಿದು ಮಾಡಲಾಗದ ಬಾವಿ, ದೊಡ್ಡ ತೊಟ್ಟಿಗಳಿಗೆ ಬಿಡಲು ಗಪ್ಪಿ, ಗಂಬೂಸಿಯಾ ಮೀನುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಸೊಳ್ಳೆಯಿಂದಲೇ ಎಂದು ಹೇಗೆ ಗೊತ್ತಾಯಿತು? ನಮ್ಮ ಅಜ್ಜ ಕೆರೆಯ ಗಾಳಿಯಿಂದ ಚಳಿಜ್ವರ ಬರುತ್ತದೆ ಎನ್ನುತ್ತಿದ್ದರು.
– ಬೀದರ್‌ನ ವಿದ್ಯಾರ್ಥಿನಿ

ನಿಮ್ಮ ಅಜ್ಜ ಒಬ್ಬರೇ ಅಲ್ಲ, ಹತ್ತೊಂಬತ್ತನೆಯ ಶತಮಾನದ ವೈದ್ಯರೂ ಹಾಗೆಯೇ ನಂಬಿದ್ದರು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಪರೋಪಜೀವಿಯನ್ನು ಕಂಡ. ಅದು ಸೊಳ್ಳೆಯ ಹೊಟ್ಟೆಯಲ್ಲೂ ಬೆಳೆಯುತ್ತದೆ ಎಂಬುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡದ್ದು ನಿಮಗೆ ದೂರವೇನೂ ಅಲ್ಲದ ಸಿಕಂದರಾಬಾದಿನಲ್ಲಿ. ಆಗ ಬೀದರ್, ಕಲಬುರಗಿ ಎಲ್ಲವೂ ನಿಜಾಮರ ಸೀಮೆಯೇ. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಅವನ ಸೊಳ್ಳೆಗಳಿಗೆ ಮೈಯೊಡ್ಡಿದ ರೋಗಿ ಹುಸೇನ್ ಖಾನ್‌ಗೆ ಸಿಕ್ಕಿದ್ದು ಕಚ್ಚಿದ ಸೊಳ್ಳೆಗೊಂದು ಆಣೆ. ಇಬ್ಬರಲ್ಲಿ ಯಾರ ಪಾಲು ದೊಡ್ಡದು ಎಂಬುದನ್ನು ನಿಮಗೇ ಬಿಡುತ್ತೇನೆ.

ಜ್ವರ ಬಂದಾಗಲೆಲ್ಲ ವೈದ್ಯರು ‘ಟೈಫಾಯ್ಡ್, ಮಲೇರಿಯಾ ಎರಡೂ ಇದೆ’ ಎಂದು ಸಲೈನ್ ಹಚ್ಚುತ್ತಾರೆ. ವರ್ಷಕ್ಕೆ ಎರಡು ಮೂರು ಸಲ ಹೀಗಾಗುತ್ತದೆ. ಎರಡೂ ಒಟ್ಟಿಗೆ ಬರುತ್ತವೆಯೇ?
– ಕಲಬುರಗಿ, ಆಟೊ ಚಾಲಕರು

ಬರಬಾರದೆಂದೇನಿಲ್ಲ, ಆದರೆ ಅಪರೂಪ. ವರ್ಷಕ್ಕೆ ಮೂರು ಸಲ ಒಬ್ಬರಿಗೇ ಎರಡೂ ಬರುವುದನ್ನು ನಾನಂತೂ ನಂಬಲಾರೆ. ವಿಡಾಲ್ ಎಂಬ ಪರೀಕ್ಷೆಯಿಂದ ಆಗುವ ಎಡವಟ್ಟು ಇದು. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದಿದ್ದರೂ, ಬೇರೆ ಜ್ವರವಿದ್ದರೂ ಅದು ‘ಇದೆ’ ಎಂದು ತೋರಿಸಬಹುದು. ಮಲೇರಿಯಾಕ್ಕೆ ಅಂಥ ಅನುಮಾನದ ಪರೀಕ್ಷೆ ಬೇಕಿಲ್ಲ. ಬೆರಳ ತುದಿಯ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪರೋಪಜೀವಿ ಕಣ್ಣಿಗೇ ಕಾಣುತ್ತದೆ. ಅದು ಯಾವ ಬಗೆ, ಎಷ್ಟಿದೆ ಎಂಬುದೂ ತಿಳಿಯುತ್ತದೆ. ತುರ್ತಿಗೆ ಕಿಟ್ ಇದೆ, ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ಉಚಿತ, ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆಯೇ ರಕ್ತ ತೆಗೆದುಕೊಳ್ಳುತ್ತಾರೆ.

ನಾನು ಪದೇಪದೇ ಹೇಳುವುದು ಇದನ್ನೇ: ಜ್ವರ ಬಂದ ದಿನವೇ, ಮಲೇರಿಯಾದ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಿ. ಔಷಧ ಅಂಗಡಿಯಿಂದ ತಂದ ಎರಡು ಕ್ಲೋರೊಕ್ವಿನ್ ನುಂಗಿ ಮರುದಿನ ಬಂದರೆ ಪರೋಪಜೀವಿ ಅಡಗಿರುತ್ತದೆ, ಸತ್ತಿರುವುದಿಲ್ಲ. ವರದಿ ‘ಇಲ್ಲ’ ಎನ್ನುತ್ತದೆ, ಜ್ವರ ಮತ್ತೆ ಬರುತ್ತದೆ. ಅಂದಹಾಗೆ, ಬೆರಳಿನ ರಕ್ತಪಟ್ಟಿಯ ವರದಿಯನ್ನು ಕೈಯಲ್ಲಿ ಹಿಡಿದು ‘ಯಾವ ಬಗೆಯ ಮಲೇರಿಯಾ?’ ಎಂದು ವೈದ್ಯರನ್ನು ಕೇಳುವುದು ಅಹಂಕಾರವಲ್ಲ. ಚಿಕಿತ್ಸೆ ನಿಂತಿರುವುದೇ ಅದರ ಮೇಲೆ.

ಸಲೈನ್ ಬಗ್ಗೆ ಒಂದು ಮಾತು. ಅರ್ಧ ಲೀಟರಿನ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಬಾಯಿಂದ ಕುಡಿಯಲಾಗುವವರಿಗೆ ಒಂದು ಲೋಟ ಪಾನಕ ಅದೇ ಕೆಲಸ ಮಾಡುತ್ತದೆ. ತೀವ್ರ ಮಲೇರಿಯಾದಲ್ಲಿ ಅಳತೆ ಮೀರಿ ಸಲೈನ್ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವೂ ಇದೆ.

ನಮ್ಮ ಯಜಮಾನರು ಮುಂಬೈಗೆ ಗುಳೆ ಹೋಗಿದ್ದರು. ಅಲ್ಲಿ ಮಲೇರಿಯಾ ಆಗಿ ಮೂರು ದಿನ ಮಾತ್ರೆ ತೆಗೆದುಕೊಂಡು ಗುಣವಾಯಿತು. ಊರಿಗೆ ಬಂದು ಎರಡು ತಿಂಗಳಿಗೆ ಮತ್ತೆ ಅದೇ ಚಳಿ, ಅದೇ ನಡುಕ. ಇನ್ನೂ ಹದಿನಾಲ್ಕು ದಿನದ ಮಾತ್ರೆ ಬರೆದಿದ್ದರಂತೆ, ಬಹಳ ಉಷ್ಣವೆಂದು ಬಿಟ್ಟರು.
– ಯಾದಗಿರಿ ಜಿಲ್ಲೆಯ ತಾಂಡಾವೊಂದರಿಂದ

ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಉತ್ತರವಿದೆ, ತಾಯಿ. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ಮಲೇರಿಯಾ ಇವೆ: ವೈವಾಕ್ಸ್ ಮತ್ತು ಫಾಲ್ಸಿಪಾರಂ. ನಿಮ್ಮವರಿಗೆ ಬಂದದ್ದು ಬಹುಮಟ್ಟಿಗೆ ವೈವಾಕ್ಸ್. ಅದು ರಕ್ತದಲ್ಲಿರುವುದಲ್ಲದೆ, ಮಳೆಗಾಗಿ ಕಾಯುತ್ತ ಮಣ್ಣಿನಲ್ಲಿ ಬಿದ್ದಿರುವ ಬೀಜದಂತೆ ಯಕೃತ್ತಿನಲ್ಲೂ ಅಡಗಿ ಕೂರುತ್ತದೆ. ಮೂರು ದಿನದ ಕ್ಲೋರೊಕ್ವಿನ್ ರಕ್ತವನ್ನು ಮಾತ್ರ ಶುದ್ಧ ಮಾಡುತ್ತದೆ. ಯಕೃತ್ತಿನಲ್ಲಿರುವುದನ್ನು ಕೊಲ್ಲಲು ಪ್ರೈಮಾಕ್ವಿನ್ ಬೇಕು, ಅದೇ ಆ ಹದಿನಾಲ್ಕು ದಿನದ ಮಾತ್ರೆ. ಬಿಟ್ಟರೆ ವಾರಗಳ, ತಿಂಗಳುಗಳ ನಂತರ ಹೊಸ ಸೊಳ್ಳೆ ಕಚ್ಚದೆಯೇ ಜ್ವರ ಮರಳಬಹುದು. ಅಷ್ಟರಲ್ಲಿ ನಿಮ್ಮ ತಾಂಡಾದ ಸೊಳ್ಳೆ ಅವರನ್ನು ಕಚ್ಚಿದರೆ, ಒಂದೆರಡು ವಾರಗಳಲ್ಲಿ ಪಕ್ಕದ ಮನೆಯ ಮಗುವಿಗೂ ರೋಗ ದಾಟಿಸಬಲ್ಲದು.

ಈಗ ಮತ್ತೆ ರಕ್ತಪರೀಕ್ಷೆ ಮಾಡಿಸಿ. ಮುಂಬೈಯಿಂದ ಬಂದದ್ದನ್ನು, ಮಾತ್ರೆ ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ. ಉಷ್ಣವೆಂದು ಅವರಿಗೆ ಅನಿಸಿದ್ದು ಹೊಟ್ಟೆಯುರಿ ಇರಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹಾಗಾಗುತ್ತದೆ, ರೊಟ್ಟಿ ಉಂಡ ಮೇಲೆ ತೆಗೆದುಕೊಳ್ಳಲಿ. ಆದರೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅಥವಾ ಕಣ್ಣು ಹಳದಿಯಾದರೆ ಅದು ಉಷ್ಣವಲ್ಲ. ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಈ ಮಾತ್ರೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೆ, ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡುವುದಿಲ್ಲ. ಅವರ ಮಾತ್ರೆಯನ್ನು ಮನೆಯಲ್ಲಿ ಇನ್ಯಾರಿಗೂ ಹಂಚಬೇಡಿ.

ಫಾಲ್ಸಿಪಾರಂ ಎಂದು ವರದಿ ಬಂದರೆ?
– ಸೇಡಂ

ಆ ದಿನವೇ ಚಿಕಿತ್ಸೆ ಶುರುವಾಗಬೇಕು. ಇದರಲ್ಲಿ ರಕ್ತಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಮಿದುಳು, ಮೂತ್ರಪಿಂಡಗಳಿಗೆ ರಕ್ತ ಕಡಿಮೆಯಾಗುತ್ತದೆ. ಕ್ಲೋರೊಕ್ವಿನ್ ನೆಚ್ಚಿಕೊಳ್ಳುವ ಕಾಲ ಹೋಯಿತು. ಈಗ ಆರ್ಟಿಸುನೇಟ್ ಸೇರಿದ ಮಿಶ್ರ ಚಿಕಿತ್ಸೆ ಮೂರು ದಿನ, ಜೊತೆಗೆ ಒಂದೇ ಸಲ ಪ್ರೈಮಾಕ್ವಿನ್. ಮಾತು ತೊದಲುವುದು, ತೂಕಡಿಕೆ, ಫಿಟ್ಸ್, ಏದುಸಿರು, ಮೂತ್ರ ಕಡಿಮೆಯಾಗುವುದು, ನೀರು ಕುಡಿದರೂ ವಾಂತಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ದಿನ ಬಿಟ್ಟು ದಿನ ಚಳಿ ಬಂದರಷ್ಟೇ ಮಲೇರಿಯಾ ಎಂಬ ಲೆಕ್ಕವನ್ನೂ ಬಿಡಿ. ಮಕ್ಕಳಲ್ಲಿ ಚಳಿಯೇ ಇಲ್ಲದೆ ಬರೀ ಜ್ವರ, ವಾಂತಿ, ಮಂಕು ಕಾಣಬಹುದು.

ಪಪ್ಪಾಯಿ ಎಲೆಯ ರಸ ಕುಡಿಸಬಹುದೇ? ಪ್ಲೇಟ್‌ಲೆಟ್ ಇಳಿದಿದೆ.
– ಆಳಂದ

ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಪರೋಪಜೀವಿ ಸತ್ತರೆ ತಾನಾಗಿ ಏರುತ್ತದೆ. ರಸಕ್ಕೆ ಮಲೇರಿಯಾ ವಾಸಿ ಮಾಡುವ ಶಕ್ತಿಯಿಲ್ಲ, ವಾಂತಿ ಹೆಚ್ಚಿಸುವ ಶಕ್ತಿಯಿದೆ.

ರೋಗಿಯ ತಟ್ಟೆ, ಹಾಸಿಗೆ ಬೇರೆ ಇಡಬೇಕೇ?
– ಹುಮನಾಬಾದ್

ಬೇಕಿಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ. ಬೇರೆ ಮಾಡಬೇಕಾದದ್ದು ರೋಗಿಯನ್ನೂ ಸೊಳ್ಳೆಯನ್ನೂ. ಅನಾಫಿಲಿಸ್ ಕಚ್ಚುವುದು ಸಂಜೆಯಿಂದ ನಸುಕಿನವರೆಗೆ. ಸೆಕೆಗೆ ಮಾಳಿಗೆಯ ಮೇಲೆ, ಅಂಗಳದಲ್ಲಿ ಮಲಗುವವರು ಅಲ್ಲೂ ಪರದೆ ಕಟ್ಟಲಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಲಿ. ಇಲಾಖೆ ಕೊಡುವ ಔಷಧಿ ಲೇಪಿತ ಪರದೆಯನ್ನು ಬಾರಿಬಾರಿಗೆ ಒಗೆದು ಬಿಸಿಲಿಗೆ ಹಾಕಿದರೆ ಲೇಪ ಹೋಗುತ್ತದೆ. ನೆರಳಿನಲ್ಲಿ ಒಣಗಿಸಿ. ಅದರಿಂದ ಮೀನು ಹಿಡಿಯುವವರೂ ಇದ್ದಾರೆ, ಏನು ಹೇಳುವುದು.

ಮಲೇರಿಯಾಕ್ಕೆ ಲಸಿಕೆ ಬಂದಿದೆಯಂತೆ, ಮಕ್ಕಳಿಗೆ ಎಲ್ಲಿ ಹಾಕಿಸಬೇಕು?
– ಭಾಲ್ಕಿ

ಎರಡು ಲಸಿಕೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿದೆ, 2021ರಲ್ಲಿ ಒಂದಕ್ಕೆ, 2023ರಲ್ಲಿ ಇನ್ನೊಂದಕ್ಕೆ. ಎರಡನೆಯದನ್ನು ತಯಾರಿಸುವುದು ಪುಣೆಯ ಸೀರಂ ಸಂಸ್ಥೆ. ಆದರೆ ಅವು ಫಾಲ್ಸಿಪಾರಂ ವಿರುದ್ಧ ಮಾತ್ರ, ಮುಖ್ಯವಾಗಿ ಆಫ್ರಿಕಾದ ಮಕ್ಕಳಿಗಾಗಿ ಬಳಕೆಯಲ್ಲಿವೆ. ನಮ್ಮ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ‘ಮಲೇರಿಯಾ ಇಂಜೆಕ್ಷನ್’ ಹಾಕುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.