ಬಣ್ಣ ಸಾಕು, ಶಾಫ್ಟ್ ಕಡೆ ಬನ್ನಿ

ಮಂಡ್ಯದ ಲೇಖಕ ಮಿತ್ರರಿಗೆ ನಮಸ್ಕಾರ.

ಹಳೇ ಲಾರಿ ಕೊಂಡು, ಚಾಸಿ ಉದ್ದ ಮಾಡಿಸಿ, ಕಬ್ಬು ಹೊರುವ ಗಾಡಿ ಕಟ್ಟಿದ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ನಡುವೆ ಒಂದು ಸಾಲು ಸಿಕ್ಕಿತು, ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ: ‘ಅರವತ್ತು ದಾಟಿದರೆ ಸೀಟು ಗಡಗಡ ನಡುಗುತ್ತಿತ್ತು, ಮೇಸ್ತ್ರಿ ಆ್ಯಂಗಲ್ ಸರಿ ಮಾಡಿದ ಮೇಲೆ ನಿಂತಿತು.’

ಯಾವ ಆ್ಯಂಗಲ್? ಎಷ್ಟಿತ್ತು, ಎಷ್ಟಾಯಿತು? ಬಣ್ಣಕ್ಕೆ, ಕ್ಯಾಬಿನ್ನಿನ ದೀಪಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಚೆನ್ನಾಗಿಯೇ ಇದೆ, ಆದರೆ ಅದನ್ನು ಯಾರು ಬೇಕಾದರೂ ಬರೆದಾರು. ಆ ನಡುಕ ಹೇಗೆ ಹೋಯಿತು ಅನ್ನೋದು ನಿಮಗೇ ಗೊತ್ತು. ಲೇಖನ ಅಲ್ಲಿಂದಲೇ ಶುರುವಾಗಲಿ.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ತಿರುಗುವಿಕೆ ಒಯ್ಯುವ ಉದ್ದನೆಯ ದಂಡವೇ ಪ್ರೊಪೆಲ್ಲರ್ ಶಾಫ್ಟ್, ಅದರ ಎರಡೂ ತುದಿಯ ಬಾಗುವ ಕೀಲು ಕ್ರಾಸ್. ಈ ಕ್ರಾಸ್ ಬಾಗಿ ತಿರುಗುವಾಗ ವೇಗ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಏರಿ ಇಳಿಯುತ್ತದೆ. ಮುಂದಿನ ಕ್ರಾಸ್ ತರುವ ಈ ಏರಿಳಿತವನ್ನು ಹಿಂದಿನದು ಅಳಿಸಬೇಕು. ಅದಕ್ಕೆ ಎರಡೂ ಕಡೆ ಆ್ಯಂಗಲ್ ಸಮ ಇರಬೇಕು, ಅಂದರೆ ಗೇರ್‌ಬಾಕ್ಸಿನ ಶಾಫ್ಟೂ ಪಿನಿಯನ್ನೂ (ಶಾಫ್ಟ್ ಹಿಂದೆ ಆಕ್ಸಲ್ಲಿನೊಳಗೆ ತಿರುಗಿಸುವ ಗೇರ್) ಸಮಾನಾಂತರವಾಗಿರಬೇಕು. ನೀವು ಹಿಂದಿನ ಶಾಕಲ್ ಬ್ರಾಕೆಟ್, ಅಂದರೆ ಕಮಾನ್ ಪ್ಲೇಟಿನ (ಸ್ಪ್ರಿಂಗ್ ಪಟ್ಟಿಗಳ) ಹಿಂದಿನ ತುದಿಯನ್ನು ಚಾಸಿಗೆ ಹಿಡಿಯುವ ತುಂಡನ್ನು, ಇಳಿಸಿದ್ದೀರಿ. ಆಗ ಆಕ್ಸಲ್ಲಿನ ಹೊರಕವಚ, ಅಂದರೆ ಹೌಸಿಂಗ್, ತಿರುಗಿ ಪಿನಿಯನ್ ಮೂತಿ ಮೇಲೇಳುತ್ತದೆ. ಮೇಸ್ತ್ರಿ ಕಮಾನ್ ಪ್ಲೇಟಿಗೂ ಹೌಸಿಂಗಿಗೂ ನಡುವೆ ಬೆಣೆ ಕೊಟ್ಟಿದ್ದು ಅದಕ್ಕೇ ಅಲ್ವಾ? ಬೆಣೆ ಅಂತ ಬರೆದು ಬಿಟ್ಟಿದ್ದೀರಿ, ಕಾರಣ ಹೇಳಿಲ್ಲ.

ಲೆಕ್ಕ ಕೊಡಿ. ಗೇರ್‌ಬಾಕ್ಸ್ ಹಿಂದಕ್ಕೆ 4 ಡಿಗ್ರಿ ಇಳಿದಿದೆ, ಶಾಫ್ಟ್ 6 ಡಿಗ್ರಿ ಇಳಿದಿದೆ ಅಂದುಕೊಳ್ಳಿ. ಮುಂದಿನ ಕ್ರಾಸ್ ಬಾಗಿದ್ದು ಅವೆರಡರ ವ್ಯತ್ಯಾಸ, 2 ಡಿಗ್ರಿ. ಪಿನಿಯನ್ ಮೂತಿ ಮೇಲಕ್ಕೆ 4 ಡಿಗ್ರಿ ಇದ್ದರೆ ಹಿಂದೆಯೂ 2. ಆದರೆ ಲೋಡ್ ಎಳೆಯುವಾಗ ಕಮಾನ್ ಪ್ಲೇಟ್ ತಿರುಚಿಕೊಂಡು ಮೂತಿ ಇನ್ನಷ್ಟು ಏಳುತ್ತದೆ. ಅದಕ್ಕೇ ನಿಂತ ಗಾಡಿಯಲ್ಲಿ ಒಂದು ಡಿಗ್ರಿ ತಗ್ಗಿಸಿ 3ಕ್ಕೆ ಇಡುವುದು. ಇಂಥ ಒಂದು ಪ್ಯಾರಾ ನೂರು ಸಾಲಿನ ವರ್ಣನೆಗಿಂತ ಓದಿಸಿಕೊಳ್ಳುತ್ತದೆ.

ಎರಡು ತಪ್ಪು ತಿದ್ದಲೇಬೇಕು. ‘ಶಾಫ್ಟ್ ಪೂರ್ತಿ ನೇರ ಇದ್ದರೆ ಒಳ್ಳೆಯದು’ ಅಂದಿದ್ದೀರಿ. ಪೂರ್ತಿ ನೇರ ಇದ್ದರೆ ಕ್ರಾಸಿನೊಳಗಿನ ಸೂಜಿ ಬೇರಿಂಗ್ ಉರುಳುವುದೇ ಇಲ್ಲ, ಒಂದೇ ಜಾಗದಲ್ಲಿ ಒತ್ತಿ ಗೀರು ಬೀಳುತ್ತದೆ. ಅರ್ಧದಿಂದ ಒಂದು ಡಿಗ್ರಿಯಾದರೂ ಬೇಕು, 3 ದಾಟದಿದ್ದರೆ ಚೆನ್ನ. ಇನ್ನೊಂದು, ಚಾಸಿಗೆ ಜಾಕ್ ಕೊಟ್ಟು, ಚಕ್ರ ನೇತಾಡುವಾಗ ಅಳತೆ ತೆಗೆದಿದ್ದೀರಿ. ಆ ಅಳತೆ ನಂಬುವ ಹಾಗಿಲ್ಲ. ಗಾಡಿ ಸಮ ನೆಲದ ಮೇಲೆ, ತನ್ನ ಚಕ್ರದ ಮೇಲೇ, ಎಂದಿನ ಭಾರ ಹೊತ್ತು ನಿಂತಿರಬೇಕು.

ಲೇತಿನಲ್ಲಿ ಶಾಫ್ಟ್ ಉದ್ದ ಮಾಡಿಸಿದಾಗ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ನೇರಕ್ಕೆ ಬಂದವಾ, ಬ್ಯಾಲೆನ್ಸ್ ಮಾಡಿಸಿದಿರಾ, ಅದನ್ನೂ ಬರೆಯಿರಿ. ಮೊದಲು ಟೈರ್ ಮೇಲೆ ಅನುಮಾನಪಟ್ಟ ಭಾಗ ತೆಗೆಯಬೇಡಿ, ಅದು ಓದುಗನ ಅನುಮಾನವೂ ಹೌದು. ಟೈರಿನ ಕುಲುಕು ನಿಧಾನ, ಶಾಫ್ಟಿನದು ಬೇಗ ಬೇಗ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಹಲವು ಸುತ್ತು ಬಂದಿರುತ್ತದೆ. ಸೀಟಿನಲ್ಲಿ ನಿಮಗೆ ಯಾವುದು ತಟ್ಟಿತು, ನೆನಪು ಮಾಡಿಕೊಳ್ಳಿ.

ನಿಮ್ಮ ಮೇಸ್ತ್ರಿ ‘ಕೋನವನ್ನು ಪರಿಶೀಲಿಸೋಣ’ ಅನ್ನುತ್ತಾರೆ. ಅವರು ಹಾಗೆ ಅಂದಿರಲಾರರು. ‘ಅಳ್ತೆ ಹಿಡ್ದು ನೋಡ್ಬುಡವ’ ಅಂದಿದ್ದರೆ ಹಾಗೇ ಬರೆಯಿರಿ. ಇಡೀ ಲೇಖನದಲ್ಲಿ ಕೆಲಸ ಬಲ್ಲವರು ಅವರೇ, ಅವರ ದನಿ ಕೇಳಬೇಕು.

ಒಂದು ವಿಷಯದಲ್ಲಿ ರಾಜಿ ಇಲ್ಲ. ಚಾಸಿ ಉದ್ದ ಮಾಡಿದರೆ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್ಲುಗಳ ನಡುವಿನ ಅಂತರ, ಬದಲಾಗುತ್ತದೆ; ಅದು ಆರ್‌ಸಿಯಲ್ಲಿ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಕಡಿವಾಣ ಹಾಕುತ್ತದೆ. ಆರ್‌ಟಿಓ ಒಪ್ಪಿಗೆ ತೆಗೆದುಕೊಂಡಿರಾ? ಲೇಖನ ಸುಮ್ಮನಿದೆ. ಓದಿದ ಹುಡುಗರು ನಾಳೆ ಇದನ್ನೇ ಮಾಡುತ್ತಾರೆ, ಆ ಗಾಡಿ ರಸ್ತೆಯಲ್ಲಿ ಜನರ ನಡುವೆ ಓಡುತ್ತದೆ. ಇದಕ್ಕೆ ಉತ್ತರ ಇಲ್ಲದೆ ನಾನು ಪ್ರಕಟಿಸುವುದಿಲ್ಲ.

ಮೇಸ್ತ್ರಿ ಜೊತೆ ಕೂತು ಅಳತೆಗಳನ್ನು ಮತ್ತೆ ತೆಗೆಯಿರಿ, ತಿದ್ದಿ ಕಳಿಸಿ. ಬೆಣೆ ಕಾಣುವ ಹಾಗೆ ಒಂದು ಫೋಟೊ ಇರಲಿ. ಜಾಗ ಇಟ್ಟಿರುತ್ತೇನೆ.

ಸಂಪಾದಕ